ಹನ್ನೊಂದು ಕಲ್ಲಿನ ಕಮಾನು

ಹಿತ್ತಿಲ ಪ್ಲೈವುಡ್ ಸೇತುವೆ ಎರಡೇ ಮಳೆಗೆ
ಹಪ್ಪಳದಂತೆ ಉಬ್ಬಿ,
ಗೇಣುದ್ದದ ಇಂಜಿನ್ನು ಬಚ್ಚಲ ಕಾಲುವೆಗೆ ಬಿತ್ತು.
ಮೊಮ್ಮಗಳು ತನುಜಾ ಅಳಲಿಲ್ಲ.
"ಕಟ್ಟಿದ್ದು ಯಾರು?" ಅಂದಳು,
ಥೇಟ್ ವಿಚಾರಣೆಗೆ ಬಂದ ಸಾಹೇಬನ ಹಾಗೆ.

ಚಿಕ್ಕಜಾಜೂರಿನಲ್ಲಿ ಇಪ್ಪತ್ತೇಳು ವರ್ಷ
ಹಳಿಯ ಕೀಲಿಗೆ ಸುತ್ತಿಗೆ ಬಡಿದವನು ನಾನು.
ಸೇತುವೆ ಎಷ್ಟೋ ದಾಟಿದ್ದೇನೆ,
ಒಂದರ ಹೊಟ್ಟೆಯನ್ನೂ ಬಗ್ಗಿ ನೋಡಲಿಲ್ಲ.

ದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ
ಗೋರಿಕಲ್ಲು ಕೆತ್ತುವ ಪಾಲಯ್ಯ
ಒಡೆದ ಚೂರು ಹನ್ನೊಂದು ಕೊಟ್ಟ,
ಒಂದೊಂದಕ್ಕೂ ಬೆಣೆಯ ಓರೆ ಕೊಟ್ಟು.
"ಸಿಮೆಂಟ್ ಬ್ಯಾಡ. ಬೀಳಾಕ್ ಹೊಂಟ ಕಲ್ಲು
ಪಕ್ಕದ್ದಕ್ಕೆ ಹೆಗಲು ಕೊಡ್ತತಿ.
ಎರಡೂ ದಡ ಮಾತ್ರ ಗಟ್ಟಿ ಹೂಳು,
ಕಮಾನು ಒದೆಯೋದು ಅಡ್ಡಕ್ಕೆ."

ಒದ್ದೆ ಮರಳು ಗುಡ್ಡೆ ಮಾಡಿ, ತಟ್ಟಿ,
ಎರಡೂ ಕಡೆಯಿಂದ ಕಲ್ಲೇರಿಸಿ,
ನಡುನೆತ್ತಿಗೆ ಕೊನೆಯದನ್ನು
ಕೊಡತಿಯಲ್ಲಿ ಮೆಲ್ಲಗೆ ಇಳಿಸಿದೆ.
ಆಮೇಲೆ ಒಗ್ಗರಣೆ ಸೌಟು ಹಿಡಿದು
ಅಡಿಯ ಮರಳು ತೋಡಿದೆವು,
ಮಲಗಿದವರ ತಲೆದಿಂಬು ಎಳೆದಂತೆ.

ಟಕ್.
ಕಲ್ಲುಗಳು ಮಗ್ಗುಲು ಸರಿಮಾಡಿಕೊಂಡವು.
ಸುತ್ತಿಗೆಯಿಂದ ತಟ್ಟಿದೆ. ಸಡಿಲ ಕೀಲಿಯ ದನಿ ನನಗೆ ಗೊತ್ತು,
ಇದು ಅದಲ್ಲ.

ನೆಲಕ್ಕೆ ಕೆನ್ನೆ ಹಚ್ಚಿ ಅವಳು ಇಣುಕಿದಳು:
"ತಾತಾ, ಒಳಗೆ ಏನೋ ಬರೆದೈತಿ."
ಯಾರದೋ 'ಜನನ' ಒಡೆದು
'ಜ' ಪಾಲಯ್ಯನ ಅಂಗಡಿಯಲ್ಲೇ ಉಳಿದಿತ್ತು.
"ನ... ನ. ನನ. ಅಂದ್ರೆ ನಂದು!"
ಇಂಜಿನ್ನಿಗೆ ಸೆಲ್ ತರಲು ಓಡಿದಳು.

ಮಂಡಿಗೆ ಕೈಯೂರಿ
ನಾನೂ ಬಗ್ಗಿದೆ.