ಹನಿ ನಿಂತ ಕಡೆ

ಬೈತಖೋಲದ ಧಕ್ಕೆಯಲ್ಲಿ, ಬೆಳಗಿನ ಐದಕ್ಕೆ,
ಪುರ್ಸು ಖಾರ್ವಿಯ ಬಲೆಯಲ್ಲಿ
ಅರ್ಧ ಬುಟ್ಟಿ ಬಂಗಡೆ, ಒಂದಿಷ್ಟು ಲೋಳೆಮೀನು,
ಮತ್ತೆ ಒಂದು ಕಪ್ಪು ಬಟ್ಟಲು, ಅದೂ ಅರ್ಧವೇ.
ಮಿಕ್ಕರ್ಧ ಸಮುದ್ರ ಇಟ್ಟುಕೊಂಡಿತ್ತು.

"ತಕೋ ಹೊಸಬು, ಇದು ನಿಮ್ಮ ಜಾತಿಯ ಮೀನು" ಅಂದ.
ಅಪ್ಪ ಗುನಗ. ಮಣ್ಣು ತುಳಿದ ಕಾಲು.
ಆವಿಗೆ ಇದ್ದ ಊರು ನೌಕಾನೆಲೆಯ ಗೋಡೆಯಾಚೆ ಉಳಿದ ಮೇಲೆ
ಐಸು ಕಾರ್ಖಾನೆಯಲ್ಲಿ ಗಡ್ಡೆ ಒಡೆಯುತ್ತಿದ್ದ;
ಬೆಂಕಿಯವನಿಗೆ ಸಿಕ್ಕ ಕೆಲಸ ನೋಡಿ.

ಹುಣಸೆ ಹಚ್ಚಿ ತಿಕ್ಕಿದ, ಕಚ್ಚಿದ ಚಿಪ್ಪುಗಳನ್ನು ಉಗುರಲ್ಲಿ ಬಿಡಿಸಿದ.
ಕಪ್ಪು ಎಂದರೆ ಪಾತ್ರೆಯ ತಳದ ಮಸಿಯಲ್ಲ,
ಕಪ್ಪು ಎಂದರೆ ಬಾವಿ.
ಆಳದಲ್ಲಿ ಚುಕ್ಕೆ ಚುಕ್ಕೆ,
ಒಂದೊಂದು ಚುಕ್ಕೆಗೂ ನೀಲಿ ಅಂಚು.
ಓರೆ ಮಾಡಿದರೆ ನೀಲಿ ಹಸಿರಾಯಿತು,
ಇನ್ನಷ್ಟು ಓರೆ ಮಾಡಿದರೆ ಜಾರಿತು ಎಲ್ಲಿಗೋ.
ಧಕ್ಕೆಯ ನೀರಲ್ಲಿ ಡೀಸೆಲ್ ಮಾಡುವುದು ಇದನ್ನೇ,
ಈಗಷ್ಟೇ ಸತ್ತ ಬಂಗಡೆಯ ಬೆನ್ನು ಮಾಡುವುದೂ ಇದನ್ನೇ,
ಆದರೆ ಅದು ಹೊತ್ತೇರುವುದರೊಳಗೆ ಆರುತ್ತದೆ.
ಇದು ಆರಿರಲಿಲ್ಲ.

"ಬಣ್ಣ ಹಚ್ಚಿದ್ದಲ್ಲ ಮಗಾ," ಅಪ್ಪ ಅಂದ,
"ಬೆಂಕಿ ಎಲ್ಲೋ ಲೆಕ್ಕ ತಪ್ಪಿದ್ದು."

ಆ ತಪ್ಪು ಹುಡುಕುತ್ತ ಮೂರು ಬೇಸಿಗೆ ಕಳೆದ.
ತೋಡೂರಿನ ಕಾಲೊನಿಯ ಹಿತ್ತಲಲ್ಲಿ, ಟ್ಯಾಂಕಿನ ಮರೆಗೆ, ಗೂಡು ಕಟ್ಟಿ
ಕಾಳಿ ಅಳಿವೆಯ ಕಲ್ವದ ಚಿಪ್ಪು ಸುಟ್ಟ ಬೂದಿ,
ಅಕ್ಕಿ ಗಿರಣಿಯ ಉಮಿಯ ಬೂದಿ,
ಚಿರೆಕಲ್ಲಿನ ಕೆಂಪು ಪುಡಿ, ಗುಜರಿ ಮೊಳೆಗಳ ತುಕ್ಕು.
ಬಂದದ್ದೇನು? ಒಣಗಿದ ಜಿಗಣೆಯ ಬಣ್ಣ.
ಒಂದು ಒಡೆಯಿತು. ಒಂದರ ಮೈತುಂಬ ಬೊಕ್ಕೆ.
ಒಂದರಲ್ಲಿ ಅವ್ವ ಉಪ್ಪು ಹಾಕಿಟ್ಟಳು, ಬೈಯುತ್ತಲೇ:
"ಕರಿ ಮಾಡೂಕೆ ಇಷ್ಟು ಕಟ್ಟಿಗೆಯಾ?
ನನ್ನ ಅನ್ನದ ಪಾತ್ರೆ ದಿನಾ ಮಾಡ್ತದೆ, ಪುಕ್ಕಟೆ."

ಪಣಜಿಯಿಂದ ಒಬ್ಬರು ಬಂದರು, ಕಣ್ಣಿಗೆ ಮಸೂರ ಇಟ್ಟು ನೋಡಿದರು.
ಚೀನಾದ್ದು, ಎಂಟುನೂರು ವರ್ಷ ಆಗಿರಬಹುದು, ಅಂದರು;
ಸಾವಿರ ಸುಟ್ಟರೂ ಹೀಗೊಂದು ಬರುವುದಿಲ್ಲ,
ಬಂದರೂ ಅದೇ ಕೈ ಮತ್ತೊಂದು ಮಾಡಲಾರದು,
ಇಡಿಯಾಗಿದ್ದರೆ, ಬೆಲೆ ಹೇಳಲು ನನಗೆ ಬಾಯಿಲ್ಲ.
ಅಪ್ಪ ಕೇಳಿದ್ದು ಒಂದೇ: ಮಾಡಿದವನ ಹೆಸರು?
ಗೊತ್ತಿಲ್ಲ. ಯಾರೂ ಬರೆದಿಡಲಿಲ್ಲ.
ಅಪ್ಪನ ಮುಖ ಅರಳಿತು, ನೆಂಟನ ಗುರುತು ಸಿಕ್ಕ ಹಾಗೆ.
"ಹಾಂಗಾರೆ ನಮ್ಮವನೇಯಾ."

ಸಂಜೆ ನಾನು ಕಣ್ಣ ಚಾ ಕಾಸುತ್ತೇನೆ.
ಅರ್ಧ ಬಟ್ಟಲು ಓರೆ ಹಿಡಿದರೆ ನಿಲ್ಲುವುದು ಒಂದೇ ಗುಟುಕು.
ಕಣ್ಣುಗಳೆಲ್ಲ ಮುಳುಗುತ್ತವೆ. ಅಪ್ಪ ಕುಡಿಯುತ್ತಾನೆ.
ಮೊದಲು ಒಂದು ತೆರೆಯುತ್ತದೆ, ನೀಲಿ; ಆಮೇಲೆ ಅದರ ತಂಗಿಯರು.

ಬಟ್ಟಲು ಬೋರಲು ಹಾಕಿ ತೋರಿಸುತ್ತಾನೆ, ನೂರನೆಯ ಸಲ:
ಹೊರಮೈಯಲ್ಲಿ ಕರಗಿ ಇಳಿದ ಕಪ್ಪು
ಪಾದಕ್ಕಿಂತ ಒಂದು ಭತ್ತದಷ್ಟು ಮೇಲೆ
ದಪ್ಪ ಹನಿಯಾಗಿ ನಿಂತುಬಿಟ್ಟಿದೆ.
"ಇನ್ನೊಂದು ಕಟ್ಟಿಗೆ ಒಟ್ಟಿದ್ರೆ ಇದು ನೆಲ ಮುಟ್ಟಿ ಅಂಟಿಕೊಳ್ತಿತ್ತು.
ಇಲ್ಲೇ ಕಾಣು, ಅವ ಸಾಕು ಅಂದದ್ದು."
ಹೆಬ್ಬೆರಳು ಅಲ್ಲಿಡುತ್ತಾನೆ.

ಫೋನಿನಲ್ಲಿ ಪುರ್ಸು ಕೂಗುತ್ತಾನೆ: ಐಸು ಎಲ್ಲಿ, ಬೋಟು ಹೊರಟಿದೆ.
"ತಡಿ, ಬಂದೆ" ಅನ್ನುತ್ತಾನೆ ಅಪ್ಪ
ಬೆರಳು ತೆಗೆಯದೆ,
ಫೋನು ಎತ್ತಿಕೊಳ್ಳದೆ.