ನೀರು ಬಸಿದ ಮೇಲೆ

ಬೈತಖೋಲದ ಧಕ್ಕೆಯಲ್ಲಿ ಬೆಳಗಿನ ಐದಕ್ಕೆ
ತಕ್ಕಡಿಯ ಕೆಂಪು ಅಂಕಿ ಹೊತ್ತಿಕೊಳ್ಳುತ್ತದೆ.
ಮೊದಲು ಬರಿಯ ಬುಟ್ಟಿ ಇಡಬೇಕು, ಗುಂಡಿ ಒತ್ತಬೇಕು,
ಬುಟ್ಟಿಯ ಭಾರ ಸೊನ್ನೆಯಾಗುತ್ತದೆ.
ಆಮೇಲೆ ಬಾಂಗಡೆ.
ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ.

ಡಾಕ್ಟರಮ್ಮನ ಎದುರು ಕೂತಾಗ
ತೂಕ ಅಂದೆ. ಎಂಬತ್ತೆರಡು, ಅಂದೆ.
ಮೊಣಕಾಲು, ಮೆಟ್ಟಿಲು, ರವಿಕೆಯ ಹೊಲಿಗೆ ಬಿಚ್ಚಿಸಿದ್ದು
ಎಲ್ಲ ಅಂದೆ.
ಮಧ್ಯಾಹ್ನ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿ
ಹಾಗೇ ನಿಂತುಬಿಡುವುದನ್ನು,
ಟಾಕಿ ಬರಿದಾದ ಮೇಲೂ ನಿಂತೇ ಇರುವುದನ್ನು
ಅನ್ನಲಿಲ್ಲ.
ತೂಕಕ್ಕಾದರೆ ಅಂಕಿ ಇದೆಯಲ್ಲ.

ಆಕೆ ಪೆನ್ನಿನ ಮುಚ್ಚಳ ಹಾಕಿ ಕೇಳಿದಳು:
"ನಿದ್ದೆ?"
ಆ ಒಂದು ಪದಕ್ಕೆ ನಾನು
ಬಲೆ ಹರಿದ ತಾರ್ಲೆಯ ಹಾಗೆ ಸುರಿದುಬಿಟ್ಟೆ.
ಆದರೂ ನಲ್ಲಿಯ ಮಾತು ಬರಲಿಲ್ಲ.

ಬರೆದುಕೊಟ್ಟಳು. ಬಿಡಿಸಿ ಹೇಳಿದಳು:
ಇದು ಮನಸ್ಸಿನದು, ತೆಳ್ಳಗಾಗುವುದರದ್ದಲ್ಲ.
ಕೆಲವರಿಗೆ ಹಸಿವು ತುಸು ಇಳಿಯುತ್ತದೆ, ತೂಕವೂ ತುಸು;
ಕೆಲವರಿಗೆ ಅದೂ ಇಲ್ಲ.
ಫಿಟ್ಸ್ ಬಂದಿತ್ತಾ ಯಾವತ್ತಾದರೂ, ಚಿಕ್ಕವಳಿದ್ದಾಗಲಾದರೂ?
ಇಲ್ಲ ಅಂದೆ. ಮತ್ತೊಮ್ಮೆ ಕೇಳಿದಳು.
ನನ್ನ ಕಿವಿಯಲ್ಲಿ ಉಳಿದದ್ದು ಇಷ್ಟೇ: ತೂಕವೂ.

ಮೂರು ತಿಂಗಳಾಯಿತು.
ಬಾಯಿ, ಒಣಮೀನು ಹರವಿದ ಮರಳು.
ಇಶ್ವಾಣದ ಸಾರಿಗೆ ಕಬ್ಬಿಣದ ರುಚಿ, ಲಂಗರು ನೆಕ್ಕಿದ ಹಾಗೆ.
ರಾತ್ರಿ ಎರಡಕ್ಕೆ ಎಚ್ಚರ; ಕೋಡಿಬಾಗದ ಹಾಸಿಗೆಯಲ್ಲಿ
ಗೋವಾ ಲಾರಿಗಳು ಕಾಳಿ ಸೇತುವೆ ಏರುವುದನ್ನು ಎಣಿಸುತ್ತೇನೆ.
ಬೆರಳು ನಡುಗಿ ಒಮ್ಮೆ
ಮೀನು ತುಂಬಿದ ಬುಟ್ಟಿಗೇ ಗುಂಡಿ ಒತ್ತಿಬಿಟ್ಟೆ,
ಪುಂಡಲೀಕನ ಅಷ್ಟೂ ನೊಗ್ಲಿ ಸೊನ್ನೆ.
ಅವನು ಬೈದ. ನಾನು ನಕ್ಕೆ.
ನಕ್ಕೆನಲ್ಲ ಎಂದು
ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು.

ಇಳಿದದ್ದು ಮೂರು ಕಿಲೋ ನಾನೂರು.
ಧಕ್ಕೆಯ ತಕ್ಕಡಿಯ ಮೇಲೆ ನಾನೇ ಹತ್ತಿ ನೋಡಿದ್ದು,
ಯಾರೂ ಇಲ್ಲದಾಗ, ಚಪ್ಪಲಿ ಬಿಟ್ಟು.
ನಡುಗಾತ್ರದ ಒಂದು ಇಶ್ವಾಣ, ಅಷ್ಟೇ.

ಐಸ್ ಫ್ಯಾಕ್ಟರಿಯ ಲವೀನಾಗೆ ಅಷ್ಟೇ ಸಾಕಾಯಿತು.
"ಅಗೋ, ಕೆನ್ನೆ ಇಳಿದಿದೆ ನಿಂದು. ಏನು ಮಾತ್ರೆ ಅದು?
ನನಗೂ ಹತ್ತು ಕೊಡೆ. ಡಿಸೆಂಬರಿಗೆ ತಂಗಿಯ ಮದುವೆ."

ಚೀಲದಲ್ಲೇ ಇತ್ತು ಹಾಳೆ. ಬೆಳ್ಳಿ ಬೆನ್ನು, ಇನ್ನೂ ಒಡೆಯದ ಆರು ಗುಳಿ.
ಕೈ ಹಾಕಿದೆ ಕೂಡ.
ಆಗ ಎದ್ದು ಬಂದದ್ದು ಶಾಲೆಯ ಸಿಮೆಂಟಿನ ನೆಲ,
ಪ್ರಾರ್ಥನೆಯ ಸಾಲು, ನಾಲ್ಕನೆಯ ಇಯತ್ತೆ,
ಲವೀನಾಳ ಮುಷ್ಟಿಗೆ ಯಾರೋ ತುರುಕಿದ ಬೀಗದ ಕೈ,
ಬಾಯಂಚಿನ ನೊರೆ,
ಬಿಳಿ ಕಾಲುಚೀಲ ಅಲುಗಿ ಅಲುಗಿ ನಿಂತದ್ದು.
ಡಾಕ್ಟರಮ್ಮ ಎರಡನೇ ಸಲ ಕೇಳಿದ್ದು
ನನ್ನನ್ನಲ್ಲವೇನೋ.

ಕೊಡಲ್ಲ ಅಂದೆ.
ಯಾಕೆಂದು ಹೇಳುವಷ್ಟರಲ್ಲಿ
"ಒಬ್ಬಳೇ ಚೆಂದ ಆಗು" ಅಂದು ಹೋದಳು.
ಆ ದಿನ ನಮ್ಮ ಬುಟ್ಟಿಗಳಿಗೆ ಐಸು ತಡವಾಗಿ ಬಂತು.

ಮೀನು ಕೊಳ್ಳುವ ಹೆಂಗಸರು ದಿನವೂ ಜಗಳಾಡುತ್ತಾರೆ:
ನೀರು ಬಸಿಯಲಿ, ಆಮೇಲೆ ತೂಗು,
ಕರಗುವುದಕ್ಕೆಲ್ಲ ದುಡ್ಡು ಕೊಡುವವರು ನಾವಲ್ಲ.
ನಿಜ. ಆದರೆ ಎಷ್ಟು ಹೊತ್ತು ಬಸಿಯಬೇಕು?
ಒಂದು ಕಡೆ ನಿದ್ದೆ, ನಾಲಿಗೆ, ಬೆರಳು.
ಇನ್ನೊಂದು ಕಡೆ
ನಲ್ಲಿ ನಿಲ್ಲಿಸಲು ಈಗ ತಾನಾಗಿ ಮುಂದಾಗುವ ಕೈ.
ಮೂರು ಕಿಲೋ ನಾನೂರನ್ನು ಯಾವ ತಟ್ಟೆಗೆ ಹಾಕಲಿ?
ನನ್ನ ತಕ್ಕಡಿಗೆ ಇರುವುದು ಒಂದೇ ತಟ್ಟೆ.

ಗುರುವಾರ ಮತ್ತೆ ಹೋಗಬೇಕು.
ಎರಡು ಗಂಟೆಯ ಲಾರಿಗಳ ಬಗ್ಗೆ ಹೇಳಬೇಕು,
ಮಾತ್ರೆಯ ಹೊತ್ತು ಬದಲಿಸಬಹುದೇ ಕೇಳಬೇಕು,
ನಾನಾಗಿ ನಿಲ್ಲಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.
ಲವೀನಾಳನ್ನೂ ಕರೆಯಬೇಕು, ಬರುತ್ತಾಳೋ ಇಲ್ಲವೋ.
ಅಲ್ಲಿ ಬಾಗಿಲ ಪಕ್ಕ ಹಳೆಯದೊಂದು ತೂಕದ ಯಂತ್ರ ಇದೆ,
ಮುಳ್ಳಿನದು, ಯಾವಾಗಲೂ ಅರ್ಧ ಕಿಲೋ ಹೆಚ್ಚು.
ಈ ಸಲ ಮೊದಲು ನಲ್ಲಿಯ ಮಾತು.
ಆಮೇಲೆ ಹತ್ತುತ್ತೇನೆ.
ಹೆಚ್ಚೇ ತೋರಿಸಲಿ.