ಒಂದು ಗೇಣು ಜೋಲು

ಮೀನಿನ ತೊಟ್ಟಿಯ ಮುಂದೆ ನಿಂತವರೆಲ್ಲ
ಆಹಾ ಅನ್ನುತ್ತಾರೆ.
ಹಿಂದುಗಡೆ ಕಸಬರಿಗೆ ಹಿಡಿದು ಬಗ್ಗುವವಳು ನಾನು.

ಅಲ್ಲಿ ನಾಲ್ಕು ದೀಪಕ್ಕೆ ನಾಲ್ಕು ವೈರು,
ವೈರಿಗೊಂದು ಕರಿ ಡಬ್ಬಿ,
ಡಬ್ಬಿಗೊಂದು ಟೈಮರು, ಟೈಮರಿಗೊಂದು ಹಟ:
ಒಂದು ಏಳಕ್ಕೆ ಏಳುತ್ತದೆ, ಇನ್ನೊಂದು ಏಳೂ ಹತ್ತಕ್ಕೆ,
ಮೂರನೆಯದು ಯಾವತ್ತೋ ಕರೆಂಟು ಹೋದಾಗಿನಿಂದ
ನಡುರಾತ್ರಿಯನ್ನೇ ಬೆಳಗೆಂದು ನಂಬಿದೆ.
ಸಾಲದ್ದಕ್ಕೆ ಫಿಲ್ಟರು, ಹೀಟರು, ಗಾಳಿಯ ಪಂಪು.
ಬಾಚಣಿಗೆ ಕಾಣದ ತಲೆಯ ಹಾಗೆ
ಸಿಕ್ಕೋ ಸಿಕ್ಕು.

'ಓಟಕರ್,' ಅಂದೆ,
'ಮೂವತ್ತನಾಲ್ಕು ವರ್ಷ ಓಸ್ಟ್ರಾವಾದ ಟ್ರಾಮಿಗೆಲ್ಲ
ನೆತ್ತಿಯ ಮೇಲೆ ತಂತಿ ಬಿಗಿದವನು ನೀನು.
ದೀಪದ ಬುಡ ಕತ್ತಲು ಅಂತ ಗಾದೆ ಹೇಳಲಾರೆ,
ಇಲ್ಲಿ ಬಗ್ಗಿ ನೋಡು ಸಾಕು.'
ಮೀಸೆ ಸವರಿಕೊಂಡ.
ನಮ್ಮ ಮನೆಯಲ್ಲಿ ಅದು 'ಆಗಲಿ' ಅಂದಂತೆ.

ಶನಿವಾರ. ಹೊರಗೆ ಹಿಮ ಕರಗಿ ರಾಡಿ.
ಆರನೆಯ ಮಹಡಿಯಲ್ಲಿ ಮಂಡಿಯೂರಿದ ಮುದುಕ ಮುದುಕಿ.
ಬ್ರೆಡ್ಡಿನ ಪೊಟ್ಟಣದ ಮೇಲೆ ಲೆಕ್ಕ ಬರೆದ:
ಒಂಬತ್ತು, ಒಂಬತ್ತು, ಹದಿನಾಲ್ಕು, ಆರು.
'ಮೂವತ್ತೆಂಟು ವ್ಯಾಟು. ಎಲ್ಲವೂ ಹನ್ನೆರಡು ವೋಲ್ಟಿನವೇ.
ಅರವತ್ತರದು ಒಂದೇ ಡಬ್ಬಿ ತಂದರೆ
ಏದುಸಿರು ಬಿಡದೆ ನಾಲ್ಕನ್ನೂ ಸಾಕುತ್ತದೆ.
ಹೀಟರು ಬೇರೆ ಮನೆತನ.
ಅದನ್ನು ಈ ಪಂಕ್ತಿಯಲ್ಲಿ ಕೂರಿಸಬಾರದು.'

ಆ ತುದಿ ಅವನು ಎಳೆಯುವುದು,
ಈ ತುದಿ ನಾನು ನೋಡುವುದು.
ಅಲುಗಿತೇ? ಇಲ್ಲ.
ಈಗ? ಇದಲ್ಲ, ಪಕ್ಕದ್ದು.
ಈಗ?
ಮದುವೆಯಾದಾಗಿನಿಂದ ಇದೇ ಆಟ ಅನ್ನಿಸಿ ನಗು ಬಂತು;
ಅವನು ಕಾರಣ ಕೇಳಲಿಲ್ಲ.

ಆಗ ಕೈಗೆ ಸಿಕ್ಕಿತು ಐದನೆಯ ಡಬ್ಬಿ.
ನಾಲ್ಕೇ ದೀಪ, ಐದು ಡಬ್ಬಿ.
ಅದರ ವೈರು ಹಿಡಿದು ಹೊರಟೆ,
ಧೂಳಿನೊಳಗೆ, ಕಪಾಟಿನ ಕಾಲು ಸುತ್ತಿ,
ಒಣಗಿ ಗರಿಯಾದ ಒಂದು ಮೀನನ್ನೂ ದಾಟಿ
ತುದಿ ಮುಟ್ಟಿದರೆ, ತುದಿಯಲ್ಲಿ ಏನೂ ಇಲ್ಲ.

ಆ ದೀಪವನ್ನು ಕೆಳಗಿನ ಮನೆಯ ಯಿಂದ್ರಾಗೆ ಕೊಟ್ಟು
ಹನ್ನೊಂದು ವರ್ಷ.
ಡಬ್ಬಿಗೆ ಯಾರೂ ಹೇಳಿರಲಿಲ್ಲ.
ಬೆಚ್ಚಗಿತ್ತು, ಆಗತಾನೆ ಇಟ್ಟ ಮೊಟ್ಟೆಯಷ್ಟು.
ನೋಯುವ ಹೆಬ್ಬೆರಳಿಗೆ ಒಂದಿಷ್ಟು ಹೊತ್ತು ಒತ್ತಿಕೊಂಡೆ.
ಹಿತವಾಗಿತ್ತು.
ಆಮೇಲೆ ಕಿತ್ತೆ.

ಬೆಳಕಿಲ್ಲದ ನೀರಿನಲ್ಲಿ
ನಿಯಾನ್ ಮೀನುಗಳು ಬಣ್ಣ ಕಳಚಿಟ್ಟು ನಿಂತಿದ್ದವು,
ನೀಲಿಯೂ ಇಲ್ಲ, ಕೆಂಪೂ ಇಲ್ಲ,
ತಾಳೆಯಾಗದ ರಸೀದಿಗಳ ಹಾಗೆ ಪೇಲವ.

ಸಂಜೆಗೆ ಎಲ್ಲ ಒಂದು ದಾರಿಗೆ ಬಂತು.
ಒಂದು ಡಬ್ಬಿ, ಒಂದು ಟೈಮರು,
ನಾಲ್ಕು ಕವಲಿನ ಒಂದು ವೈರು.
ಪ್ಲಗ್ಗುಗಳ ಪಟ್ಟಿಯನ್ನು ನೆಲದಿಂದೆತ್ತಿ
ಕಪಾಟಿನ ಒಳಗೋಡೆಗೆ ಮೊಳೆ ಹೊಡೆದ.
ಕಟ್ಟುವ ಕೆಲಸ ನನ್ನದು.
ಜಡೆ ಹೆಣೆದ ಹಾಗೆ ಎಳೆದು ಬಿಗಿದೆ,
ಒಂದು ಕೂದಲೂ ಆಚೆ ಬಾರದಂತೆ.

ಅವನು ಬಂದ. ನೋಡಿದ. ಬಿಚ್ಚಿದ.

'ಮಿಲಾದಾ, ಬೀದಿಯಲ್ಲಿ ತಂತಿ ಜೋತರೆ
ನನ್ನ ಸಂಬಳ ಕತ್ತರಿಸುತ್ತಿದ್ದರು.
ಇಲ್ಲಿ ಮಾತ್ರ ಜೋಲಬೇಕು.
ಪ್ಲಗ್ಗಿಗಿಂತ ಕೆಳಗೆ ಒಂದು ಗೇಣು ಹೊಟ್ಟೆ ಬಿಡು.
ನೀರು ವೈರಿನ ಗುಂಟ ಇಳಿದು ಬರುತ್ತದೆ,
ಹೊಟ್ಟೆಯ ತಳಕ್ಕೆ ಬಂದು ಬೀಳುತ್ತದೆ.
ಮೇಲೆ ಹತ್ತಲು ಅದಕ್ಕೆ ಬಾರದು.'

ಗೇಣು ಹಾಕಿ ಅಳೆದ. ಆ ಕೈ
ಮೊದಲಿನಷ್ಟು ಅಗಲ ಬಿಚ್ಚಿಕೊಳ್ಳುವುದಿಲ್ಲ ಈಗ;
ಎರಡು ಬೆರಳು ಹೆಚ್ಚಿಗೆ ಸೇರಿಸಿದ.

ಸ್ವಿಚ್ಚು ಒತ್ತಿದೆವು. ನಾಲ್ಕೂ ಒಟ್ಟಿಗೆ.
ಮೀನುಗಳು ತಡಮಾಡಿದವು,
ಬಾಲದ ಕಡೆಯಿಂದ ಮೊದಲು ಕೆಂಪು, ಆಮೇಲೆ ಆ ನೀಲಿ ಗೆರೆ.
ಓಟಕರ್ ಮುಂದೆ ನಿಂತು ಆಹಾ ಅಂದ.

ನಾನು ಹಿಂದೆಯೇ ಇದ್ದೆ.
ಅಲ್ಲಿನ ಗೋಡೆ ಹಸಿರು ಬಣ್ಣದ್ದೆಂದು
ಮರೆತೇ ಹೋಗಿತ್ತು.
ಮುಚ್ಚಳದ ಅಂಚಿನಿಂದ ಒಂದು ಹನಿ ಹೊರಟು
ವೈರಿನ ಮೇಲೆ ಜಾರಿ ಜಾರಿ
ಜೋಲಿನ ಹೊಟ್ಟೆಗೆ ಬಂದು
ಬೀಳಲೋ ಬೇಡವೋ ಅಂತ ತೂಗಿತು.
ಒಂದು ಹಳೆಯ ಟವೆಲ್ ತಂದು ಕೆಳಗೆ ಹಾಸಿದೆ.